ಫರ್ ಹಲಗೆಯಾ, ಪೈನ್ ಹಲಗೆಯಾ?

ಫರ್, ಪೈನ್ ಎರಡೂ ಸೂಜಿಯಂಥ ಎಲೆಯ ಮರಗಳು; ಶೆಲ್ಫಿಗೆ ಯಾವುದರ ಹಲಗೆ ಒಳ್ಳೆಯದು ಅಂತ ಕೇಳಿದ್ದೀರಿ. ಸುಮ್ನೆ ಮೂಸಿ ನೋಡಿ, ಅರ್ಧ ಉತ್ತರ ಸಿಗುತ್ತದೆ. ಪೈನ್‌ನಲ್ಲಿ ಅಂಟು ಜಾಸ್ತಿ, ವಾಸನೆಯೂ ಇದೆ. ಎಷ್ಟೋ ಸಲ ಗಂಟಿರುವ ಕಡೆ ಪೇಂಟ್ ದಾಟಿ ಹಳದಿ ಕಲೆ ಮೂಡುತ್ತದೆ. ಫರ್‌ಗೆ ಆ ತೊಂದರೆ ಕಡಿಮೆ. ಒಣಗಿದ ಹಲಗೆ ಬಿಳಿಚಾಗಿ, ಹಗುರವಾಗಿ, ಹೆಚ್ಚು ವಾಸನೆಯಿಲ್ಲದೆ ಇರುತ್ತದೆ. ಹಣ್ಣಿನ ಪೆಟ್ಟಿಗೆಗೆ, ಪೇಂಟ್ ಹೊಡೆಯುವ ಒಳಗಿನ ಕೆಲಸಕ್ಕೆ ಅದೇ ಸರಿ. ಆದರೆ ಮೆತ್ತಗಿನ ಮರ, ಉಗುರು ಒತ್ತಿದರೂ ಗುರುತು ಬೀಳುತ್ತದೆ. ಮಳೆಗೆ ಬಿಟ್ಟರೆ ಬೇಗ ಕೊಳೆಯುತ್ತದೆ.

ಬೇಲಿಗೆ, ಕೊಳೆಯದಂತೆ ಔಷಧಿ ಕುಡಿಸಿದ ಪೈನ್ ವಾಸಿ, ಅದು ಔಷಧಿಯನ್ನು ಚೆನ್ನಾಗಿ ಹೀರುತ್ತದೆ.

ಭಾರ ಹೊರುವ ತೊಲೆಗಾದರೆ ಡಗ್ಲಸ್ ಫರ್ ನೋಡಿ. ಹೆಸರಷ್ಟೇ ಫರ್, ಮರ ಬೇರೆ. ನಿಜವಾದ ಫರ್ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ, ಇದರದ್ದು ಜೋತಾಡುತ್ತದೆ.