ಆಪರೇಷನ್‌ಗೆ ಐದು ಸ್ಟಾರ್, ಬಿಲ್ ಕೌಂಟರ್‌ಗೆ ಒಂದೇ: ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆ

ಹೋದ ತಿಂಗಳು ಅವ್ವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು. ದೂರು ಕೊಟ್ಟಿದ್ದೇನೆ, ಅದರ ವಿಚಾರಣೆ ಆಗಲಿ ಅಂತ ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಡಾಕ್ಟರ್ ಬಗ್ಗೆ ನನಗೆ ಒಂದು ಮಾತೂ ಇಲ್ಲ. ರಾತ್ರಿ ಹನ್ನೊಂದಕ್ಕೂ ಬಂದು ಅವ್ವನನ್ನು ಮಾತಾಡಿಸಿ ಹೋದರು. ನರ್ಸ್ ಅಕ್ಕಂದಿರೂ ಅಷ್ಟೇ, ಮನೆಯವರ ಹಾಗೆ ನೋಡಿಕೊಂಡರು.

ತೊಂದರೆ ಶುರುವಾಗಿದ್ದು ಮೂರನೇ ದಿನ, ಡಿಸ್ಚಾರ್ಜ್ ಹೊತ್ತಿಗೆ. ಸೇರಿಸುವಾಗ ಎಲ್ಲಾ ಸೇರಿ 55,000 ಆಗುತ್ತೆ ಅಂದಿದ್ದರು. ಬಿಲ್ ಬಂದದ್ದು 83,640. ಬ್ಯಾಗ್ ಕಟ್ಟಿ ಆಗಿದೆ, ಆಟೋ ಕೆಳಗೆ ನಿಂತಿದೆ, ಅವ್ವ ಸೀರೆ ಬದಲಾಯಿಸಿ ಕೂತಿದ್ದಾಳೆ, ಆಗ ಕೈಗೆ ಒಂದು ಹಾಳೆ. ಅದರಲ್ಲಿ ಆರೇ ಸಾಲು. ಒಂದು ಸಾಲಿನಲ್ಲಿ ಸುಮ್ನೆ ‘ಡಿಸ್ಪೋಸಬಲ್ಸ್ 9,760’ ಅಂತ ಇತ್ತು. ಏನು, ಎಷ್ಟು, ಒಂದಕ್ಕೆ ಎಷ್ಟು ಅನ್ನೋದು ಏನೂ ಇಲ್ಲ.

ಬಿಡಿಬಿಡಿಯಾಗಿ ಬರೆದ ಬಿಲ್ ಕೊಡಿ ಅಂದೆ. ‘ಮೊದ್ಲು ರೊಕ್ಕ ಕಟ್ರಿ, ಆಮ್ಯಾಲೆ ಕೊಡ್ತೀವಿ’ ಅಂದರು. ಅವ್ವನ ಕೈಯಲ್ಲಿ ಸಲೈನ್ ಸೂಜಿ ಇನ್ನೂ ಹಾಗೇ ಇತ್ತು, ಬಿಲ್ ಕ್ಲಿಯರ್ ಆಗದೆ ಅದನ್ನು ತೆಗೆಯಲ್ಲ ಅಂದರು. ಪ್ಲಾಸ್ಟರ್ ಅಂಚಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ‘ಕಟ್ಟಿಬಿಡಪ್ಪಾ, ಹೋಗೋಣ’ ಅಂದಳು. ಬಹಳ ಜನ ಇಲ್ಲೇ ಸೋಲುತ್ತಾರೆ. ಮನೆಗೆ ಹೋದರೆ ಸಾಕು ಅನ್ನಿಸಿರುತ್ತೆ, ಅಲ್ವಾ?

ನಾನು ಕಟ್ಟಲಿಲ್ಲ. ಬಿಲ್ ಬಾಕಿ ಇದೆ ಅಂತ ರೋಗಿಯನ್ನು ತಡೆದು ನಿಲ್ಲಿಸುವ ಹಾಗಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಇದು ಸ್ಪಷ್ಟವಾಗಿದೆ. ಔಷಧಿಯನ್ನು ಅದೇ ಆಸ್ಪತ್ರೆಯ ಮೆಡಿಕಲ್‌ನಲ್ಲೇ ತಗೋಬೇಕು ಅನ್ನೋ ಬಲವಂತವೂ ಇಲ್ಲ ಅಂತ ಅದರಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಇದೆ, 2017ರಲ್ಲಿ ತಿದ್ದುಪಡಿಯೂ ಆಯ್ತು. ದರಪಟ್ಟಿ ಜನರಿಗೆ ಗೊತ್ತಾಗುವ ಹಾಗೆ ಇರಬೇಕು ಅನ್ನುತ್ತೆ ಆ ಕಾಯ್ದೆ. ‘ನಿಮ್ಮ ದರಪಟ್ಟಿ ಎಲ್ಲಿದೆ ತೋರಿಸಿ’ ಅಂದಾಗ ಕೌಂಟರ್‌ನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಂದೂವರೆ ಗಂಟೆ ಆದ ಮೇಲೆ ನಾಲ್ಕು ಹಾಳೆಯ ಪಟ್ಟಿ ಬಂತು. ಸೂಜಿಯನ್ನೂ ತೆಗೆದರು. ಬೆಂಚಿನ ಮೇಲೆ ಕೂತು ಪೆನ್ ಹಿಡಿದು ಒಂದೊಂದೇ ಸಾಲು ನೋಡಿದೆ. ಐಸಿಯು ಒಂದು ದಿನಕ್ಕೆ 8,500 ಹಾಕಿದ್ದರು, ಅವ್ವ ಐಸಿಯು ಬಾಗಿಲು ಕೂಡ ನೋಡಿಲ್ಲ! ಆಪರೇಷನ್ ಆದ ಮೇಲೆ ನಾಲ್ಕು ಗಂಟೆ ಪಕ್ಕದ ರೂಮಿನಲ್ಲಿ ಮಲಗಿಸಿದ್ದರು, ಅಷ್ಟೇ. ಗ್ಲೌಸ್ 60 ಜೊತೆ. ಬಳಸದೆ ನಾನೇ ಕೈಯಾರೆ ವಾಪಸ್ ಕೊಟ್ಟ 3,180 ರೂಪಾಯಿ ಔಷಧಿಯನ್ನು ಕಳೆದೇ ಇರಲಿಲ್ಲ. ವಾಪಸ್ ಚೀಟಿ ಜೇಬಿನಲ್ಲೇ ಇತ್ತು, ಪುಣ್ಯಕ್ಕೆ. ಆ ಚೀಟಿ ಇಟ್ಟುಕೊಳ್ಳಿ ಅಂತ ಹೇಳಿದ್ದು ಪಕ್ಕದ ಬೆಡ್‌ನ ಸಿರುಗುಪ್ಪ ಕಡೆಯ ಒಬ್ಬ ಹಿರಿಯರು, ಅವರಿಗೆ ನಾನು ಋಣಿ.

ಕೊನೆಗೆ ಮ್ಯಾನೇಜರ್ ಬಂದರು. ಐಸಿಯು ತೆಗೆದರು, ಔಷಧಿ ಕಳೆದರು, ಗ್ಲೌಸ್ ಮತ್ತೆ ಬೇರೆ ಸಾಮಾನು ಸೇರಿ 4,300 ಇಳಿಸಿದರು. 67,660 ಕಟ್ಟಿದೆ. ಅರಿವಳಿಕೆ ಡಾಕ್ಟರ್ ಫೀಸು 7,000 ಮಾತ್ರ ಬಿಡಲಿಲ್ಲ. 55,000ದಲ್ಲಿ ಅದು ಸೇರಿತ್ತು ಅಂತ ನಾನು, ಇಲ್ಲ ಅಂತ ಅವರು. ನನ್ನ ಹತ್ತಿರ ಬರೆದ ಎಸ್ಟಿಮೇಟ್ ಇರಲಿಲ್ಲ, ಅದು ನನ್ನದೇ ತಪ್ಪು. ನೀವು ಸೇರಿಸುವ ದಿನವೇ ಏನೇನು ಸೇರಿದೆ, ಏನೇನು ಬೇರೆ ಅಂತ ಸಹಿ ಹಾಕಿಸಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ ಅಂತ ಮೊದಲೇ ಕೇಳಿ.

ಆ 7,000ಕ್ಕೂ, ಸೂಜಿ ತೆಗೆಯದೆ ಕೂರಿಸಿದ್ದಕ್ಕೂ ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿಗೆ ಹೋಗಿ ಅರ್ಜಿ ಕೊಟ್ಟೆ. ಕೆಪಿಎಂಇ ಕಾಯ್ದೆಯಲ್ಲಿ ದೂರು ಕೇಳಲು ಜಿಲ್ಲೆಗೊಂದು ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಡಿಎಚ್‌ಓ ಕಾರ್ಯದರ್ಶಿ. ಎರಡನೇ ಪ್ರತಿಗೆ ಸೀಲ್ ಹಾಕಿಸಿಕೊಳ್ಳುವುದು ಮರೀಬೇಡಿ. ಅಲ್ಲಿ ಆಗದಿದ್ದರೆ ಗ್ರಾಹಕರ ಆಯೋಗ. ರೊಕ್ಕ ಕೊಟ್ಟು ಪಡೆಯುವ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೇ ಇಲ್ಲ. ಮೊದಲು ಕೇಳಿ ತಿಳಿಯೋಣ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೇಸ್ ಶೀಟ್ (ಚಿಕಿತ್ಸೆಯ ದಾಖಲೆ) ಪ್ರತಿಗೂ ಬರೆದು ಕೇಳಿ, 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ ನಿಯಮ ಇದೆ.

ಹೊಲಿಗೆ ಬಿಚ್ಚಿಸಲು ಅವ್ವನನ್ನು ಮತ್ತೆ ಅಲ್ಲಿಗೇ ಕರೆದುಕೊಂಡು ಹೋದೆ, ಡಾಕ್ಟರ್ ಮೇಲೆ ಅಷ್ಟು ನಂಬಿಕೆ. ಕೌಂಟರ್ ಗೋಡೆ ನೋಡಿದೆ. ದರಪಟ್ಟಿ ಇನ್ನೂ ಹಾಕಿಲ್ಲ.