ಎಡಗೈಯವನಿಗೆ ಎಡಗೈ ಕೋವಿ: ಆರು ವರ್ಷ ಬಳಸಿದ ಮೇಲೆ

ಹೋದ ವರ್ಷ ಐದು ತಿಂಗಳು ನನ್ನ ಚಕಮಕಿ ಕೋವಿ (ಕಲ್ಲು ಉಕ್ಕಿಗೆ ಬಡಿದ ಕಿಡಿಯಿಂದ ಮದ್ದು ಹತ್ತುವ ಕೋವಿ) ಪೆಟ್ಟಿಗೆ ಬಿಟ್ಟು ಮೇಲೆ ಏಳಲಿಲ್ಲ. ಕಾರಣ ಒಂದು ಸ್ಪ್ರಿಂಗ್. ಅದು ಸಿಗದೇ ಇದ್ದಿದ್ದಕ್ಕೆ ಕಾರಣ, ನಾನು ಎಡಚ. ಆ ಸಿಟ್ಟಿನಲ್ಲೇ ಇದನ್ನು ಬರೆಯೋಕೆ ಕೂತೆ.

ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗಳಲ್ಲಿ ಲಾಕ್, ಅಂದರೆ ಮದ್ದಿಗೆ ಬೆಂಕಿ ಹತ್ತಿಸುವ ಯಂತ್ರ, ಸಾಮಾನ್ಯವಾಗಿ ಇರೋದು ಬಲಬದಿಗೆ. ಬಲಗೈಯವನು ಕೆನ್ನೆ ಒರಗಿಸೋದು ಹಿಡಿಯ (ಭುಜಕ್ಕೆ ಒತ್ತುವ ಮರದ ಭಾಗದ) ಎಡಬದಿಗೆ. ಹಾಗಾಗಿ ಬೆಂಕಿ, ಹೊಗೆ, ಕಿಡಿ ಎಲ್ಲ ಅವನ ಮುಖದ ಆಚೆ ಬದಿಗೆ ಹೋಗುತ್ತದೆ. ನಮ್ಮಂಥವರ ಕೆನ್ನೆ ಬಲಬದಿಗೆ ಬರುತ್ತದೆ. ಕಿಡಿ ಬೀಳುವ ಮದ್ದಿನ ಪುಟ್ಟ ಬಟ್ಟಲೂ ಅದೇ ಬದಿ. ಟ್ರಿಗರ್ ಎಳೆದರೆ ಗುಂಡು ಹೊರಡೋದಕ್ಕಿಂತ ಮೊದಲೇ ಕಣ್ಣ ಮುಂದೆ ಒಂದು ಬೆಳಕು ಭಗ್ ಅನ್ನುತ್ತದೆ. ಕೋವಿಯನ್ನು ಕೆಳಗಿಂದ ಹಿಡಿದ ಬಲಗೈಯ ಮೇಲೆ ಕಿಡಿ ಉದುರುತ್ತದೆ. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಳ್ಳಬೇಕಿತ್ತು.

ನಾಲ್ಕು ವರ್ಷ ಹಾಗೇ ಹೊಡೆದೆ. ಮೊದಮೊದಲು ಏನೂ ಅನಿಸಲಿಲ್ಲ. ಕತ್ತರಿಯಿಂದ ಹಿಡಿದು ಎಲ್ಲದರಲ್ಲೂ ಹೊಂದಿಕೊಂಡವನಿಗೆ ಇದೂ ಒಂದು, ಅಷ್ಟೇ. ಆದರೆ ಗುರಿ ಕೆಡುತ್ತಾ ಬಂತು. ಒಂದು ದಿನ ಬಟ್ಟಲಿಗೆ ಮದ್ದು ಹಾಕೋದು ಮರೆತು ಟ್ರಿಗರ್ ಎಳೆದೆ. ಕಲ್ಲು ಉಕ್ಕಿಗೆ ಬಡಿದು ಟಕ್ ಅಂತು, ಬೆಂಕಿ ಬರಲಿಲ್ಲ. ಆದರೂ ನನ್ನ ತಲೆ ಹಿಂದಕ್ಕೆ ಹೋಗಿತ್ತು, ಎರಡೂ ಕಣ್ಣು ಮುಚ್ಚಿದ್ದವು. ಕೋವಿ ಕೆಟ್ಟಿಲ್ಲ, ನಾನೇ ಹೆದರಿದ್ದೇನೆ ಅಂತ ಆವಾಗ ಗೊತ್ತಾಯಿತು.

ಚಕಮಕಿ ಕೋವಿಯಲ್ಲಿ ಈ ಹೆದರಿಕೆಗೆ ಬೆಲೆ ಜಾಸ್ತಿ. ಕಲ್ಲು ಬಡಿದು, ಕಿಡಿ ಬಿದ್ದು, ಬಟ್ಟಲಿನ ಮದ್ದು ಹತ್ತಿ, ನಳಿಗೆಯ ಬದಿಯ ಸಣ್ಣ ಕಿಂಡಿಯೊಳಗೆ ಬೆಂಕಿ ನುಗ್ಗಿ, ಆಮೇಲೆ ಗುಂಡು ಹೊರಡಬೇಕು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಆದರೆ ತೊಂದರೆ ಇರೋದೇ ಆ ಮಿಟುಕಿನಲ್ಲಿ. ಅಷ್ಟು ಹೊತ್ತೂ ಕೋವಿ ಅಲುಗಬಾರದು.

ಆಗ ಎಡಗೈಯವರಿಗೆ ಏನೇನಿದೆ ಅಂತ ಹುಡುಕೋಕೆ ಶುರು ಮಾಡಿದೆ. ಇನ್‌ಲೈನ್ ಕೋವಿ ತಗೊಂಡರೆ ಈ ರಗಳೆಯೇ ಇಲ್ಲ, ನಿಜ. 1985ರಲ್ಲಿ ಅಮೆರಿಕದ ನೈಟ್ ಕಂಪನಿಯ ಎಂಕೆ-85 ಕೋವಿ ಬಂದ ಮೇಲೆ ಅವು ಮನೆಮಾತಾದವು. ಅದರಲ್ಲಿ ಬೆಂಕಿ ಹಿಂದಿನಿಂದ ನೇರವಾಗಿ ನಳಿಗೆಗೆ ಹೋಗುತ್ತದೆ. ನಡುವೆ ಮಡಚಿ ತೆರೆಯುವ ಮಾದರಿಯಾದರೆ ಎಡ-ಬಲ ಭೇದವೇ ಇಲ್ಲ. ಬೋಲ್ಟ್ ಇದ್ದರೆ ಮಾತ್ರ ಅದರ ಹಿಡಿ ಯಾವ ಕಡೆ ಅಂತ ನೋಡಿಕೊಳ್ಳಬೇಕು. ಬೇಟೆಗೆ ಅಂತ ಕೊಳ್ಳುವವರು ಇಲ್ಲಿಗೇ ಓದು ನಿಲ್ಲಿಸಿ ಅದನ್ನೇ ತಗೊಳ್ಳಿ. ನನಗೆ ಕಲ್ಲು, ಕಿಡಿ, ಹೊಗೆ ಬೇಕು. ಸುಮ್ನೆ ರಟ್ಟಿಗೆ ತೂತು ಮಾಡೋದಾಗಿದ್ದರೆ ಬೇರೆ ಕೋವಿಗಳು ಎಷ್ಟಿಲ್ಲ?

ಇನ್ನೊಂದು ಚಂದದ ದಾರಿ ಹ್ಯಾಮರ್ ನಳಿಗೆಯ ಕೆಳಗಿರುವ ಕೇಪಿನ ಕೋವಿ. ಕೇಪು ಅಂದರೆ ಹ್ಯಾಮರ್ ಬಡಿದಾಗ ಸಿಡಿದು ಮದ್ದು ಹತ್ತಿಸುವ ಪುಟ್ಟ ಲೋಹದ ಟೋಪಿ. 1830ರ ದಶಕದಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ನಿಕಾನರ್ ಕೆಂಡಲ್ ಇಂಥವನ್ನು ಮಾಡುತ್ತಿದ್ದ. ಕೇಪು ಸಿಡಿದರೆ ಚೂರು ಕೆಳಗೆ ಹೋಗುತ್ತದೆ, ಯಾರ ಕೆನ್ನೆಗೂ ತಗಲುವುದಿಲ್ಲ. ಎಷ್ಟೋ ಕೋವಿಗಳಲ್ಲಿ ಟ್ರಿಗರ್ ಸುತ್ತಲಿನ ಬಳೆಯೇ ಸ್ಪ್ರಿಂಗ್ ಆಗಿ ಕೆಲಸ ಮಾಡುತ್ತದೆ. ಎಂಥಾ ತಲೆ! ಒಂದು ಸಲ ಎರವಲು ತಂದು ಹೊಡೆದೆ. ಹಿತವಾಗಿತ್ತು. ಸಡಿಲ ಕೇಪು ಹಾಕಿದರೆ ಕೆಳಗೆ ಬಿದ್ದುಹೋಗುತ್ತದೆ, ಅದೊಂದೇ ತಕರಾರು. ಕೊಳ್ಳೋಕೆ ಒಂದೂ ಸಿಗಲಿಲ್ಲ, ಇಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕೊನೆಗೆ ಎಡಗೈ ಲಾಕ್‌ನ ಚಕಮಕಿ ಕೋವಿಯನ್ನೇ ತಗೊಂಡೆ. ಲೈಮನ್, ಪೆಡರ್ಸೋಲಿಯಂಥ ಹೆಸರಿನಲ್ಲಿ ಎಡಗೈ ಮಾದರಿಗಳು ಬಂದಿವೆ. ನನ್ನದು ಇವೆರಡೂ ಅಲ್ಲ. ಹೆಸರು ಬೇಡ ಬಿಡಿ. ಅದೇ ಕೋವಿಯ ಬಲಗೈ ಮಾದರಿಗಿಂತ ಬೆಲೆ ಜಾಸ್ತಿ, ಕಾಯೋದೂ ಜಾಸ್ತಿ. ದುಡ್ಡು ಕೂಡಿಸೋಕೆ ಒಂದು ವರ್ಷ ಬೇಕಾಯಿತು. ಆ ಒಂದು ವರ್ಷವೂ ಹಳೇ ಕೋವಿಯಲ್ಲೇ ಮುಖ ಹುರಿಸಿಕೊಂಡೆ.

ಹೊಸದರಲ್ಲಿ ಮೊದಲ ಗುಂಡು ಹೊಡೆದಾಗ ನಿಜ ಹೇಳಬೇಕೆಂದರೆ ಬಟ್ಟಲು ಹತ್ತಲೇ ಇಲ್ಲ ಅಂದುಕೊಂಡೆ. ಬೆಳಕು ಕಾಣಲಿಲ್ಲವಲ್ಲ! ಭುಜಕ್ಕೆ ಒದೆ ಬಿತ್ತು, ಹೊಗೆ ಬಂತು, ರಟ್ಟಿನಲ್ಲಿ ತೂತು ಇತ್ತು. ಬೆಂಕಿ ಎಲ್ಲ ಆಚೆ ಬದಿಗೆ ಹೋಗಿತ್ತು. ಅಷ್ಟು ವರ್ಷ ಬಲಗೈಯವರು ಹೊಡೆಯುತ್ತಿದ್ದುದು ಇದನ್ನಾ ಅಂತ ಹೊಟ್ಟೆ ಉರಿಯಿತು. 50 ಮೀಟರ್‌ನಲ್ಲಿ ಊಟದ ತಟ್ಟೆಯಷ್ಟು ಹರಡುತ್ತಿದ್ದ ಗುಂಡುಗಳು ಎರಡು ತಿಂಗಳಲ್ಲಿ ಅಂಗೈ ಅಗಲಕ್ಕೆ ಬಂದವು. ಹೆದರಿಕೆ ಬಿಟ್ಟುಹೋಗೋಕೂ ಆ ಎರಡು ತಿಂಗಳು ಹಿಡಿಯಿತು. ಮೈಗೆ ಅಂಟಿದ್ದು ಬೇಗ ಹೋಗಲ್ಲ.

ಹಿಡಿಯ ಬಗ್ಗೆ ಯಾರೂ ಹೇಳೋದಿಲ್ಲ, ಅದಕ್ಕೇ ಹೇಳುತ್ತೇನೆ. ಬಲಗೈಯವರ ಕೋವಿಯಲ್ಲಿ ಕೆನ್ನೆ ಒರಗಿಸುವ ಉಬ್ಬು ಎಡಬದಿಗೆ ಇರುತ್ತದೆ. ಕೆಲವು ಹಿಡಿಗಳು ಬಲಕ್ಕೆ ಸ್ವಲ್ಪ ಬಾಗಿಯೂ ಇರುತ್ತವೆ. ಎಡಭುಜಕ್ಕೆ ಏರಿಸಿದರೆ ಆ ಬಾಗು ನಮ್ಮ ಕಣ್ಣನ್ನು ಗುರಿಗೆರೆಯಿಂದ ಆಚೆ ತಳ್ಳುತ್ತದೆ. ನನ್ನ ಹಳೆಯದರಲ್ಲಿ ಕತ್ತು ಓರೆ ಮಾಡಿ ಹೊಡೆದು ಸಂಜೆಗೆ ನೋವು ಬರುತ್ತಿತ್ತು. ಹೊಸದನ್ನು ಕಣ್ಣು ಮುಚ್ಚಿ ಭುಜಕ್ಕೇರಿಸಿ ಕಣ್ಣು ಬಿಟ್ಟರೆ ಗುರಿಕಂಬಗಳು ಒಂದೇ ಸಾಲಿನಲ್ಲಿರುತ್ತವೆ. ಅಂದ ಹಾಗೆ, ಕೊಳ್ಳೋ ಮೊದಲು ನಿಮ್ಮ ಯಾವ ಕಣ್ಣು ಜೋರು ಅಂತಲೂ ನೋಡಿಕೊಳ್ಳಿ. ಎಡಗೈಯವರೆಲ್ಲ ಎಡಗಣ್ಣಿನವರಲ್ಲ.

ಈ ಕೋವಿಯ ನಿಜವಾದ ಖುಷಿ ಹೊಡೆಯೋದರಲ್ಲಿ ಅರ್ಧ, ತೊಳೆಯೋದರಲ್ಲಿ ಅರ್ಧ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿಕೊಂಡು ಉಕ್ಕನ್ನು ತಿನ್ನುತ್ತದೆ. ಅವತ್ತೇ ತೊಳೆಯಬೇಕು, ನಾಳೆಗೆ ಅನ್ನುವ ಹಾಗಿಲ್ಲ. ಬೆಣೆ ತಟ್ಟಿ ತೆಗೆದರೆ ನನ್ನ ಕೋವಿಯ ನಳಿಗೆ ಮರದಿಂದ ಮೇಲೇಳುತ್ತದೆ. ಅದರ ಬುಡವನ್ನು ಬಕೆಟ್‌ನಲ್ಲಿ ಇಟ್ಟು, ಗಜದ (ನಳಿಗೆಯೊಳಗೆ ಆಡಿಸುವ ಉದ್ದ ಕೋಲಿನ) ತುದಿಗೆ ಒದ್ದೆ ಬಟ್ಟೆ ಸಿಕ್ಕಿಸಿ ಮೇಲೆ ಕೆಳಗೆ ಆಡಿಸಿದರೆ ಕಿಂಡಿಯಿಂದ ನೀರು ಪಿಚಕಾರಿಯ ಹಾಗೆ ಒಳಗೆ ಹೊರಗೆ ಓಡುತ್ತದೆ. ಮೊದಲು ಕಾಡಿಗೆಯಂಥ ನೀರು, ಆಮೇಲೆ ಬೂದು, ಆಮೇಲೆ ತಿಳಿ. ಕೊಳೆತ ಮೊಟ್ಟೆಯ ವಾಸನೆ ಮನೆ ತುಂಬಾ. ಮನೆಯವರಿಗೆ ಆಗಲ್ಲ, ನನಗೆ ಅದಿಲ್ಲದೆ ಭಾನುವಾರ ಮುಗಿದ ಹಾಗೇ ಅನಿಸಲ್ಲ. ಮೊದಲು ಕುದಿಯುವ ನೀರು ಹಾಕುತ್ತಿದ್ದೆ. ಒರೆಸುವಷ್ಟರಲ್ಲಿ ಒಳಗೆ ತೆಳ್ಳಗೆ ಕೆಂಪು ತುಕ್ಕು ಏಳುತ್ತಿತ್ತು. ಈಗ ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಸೋಪು. ಒಣಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿ, ಎಣ್ಣೆ ಸವರಿ, ಮಾರನೇ ದಿನ ಮತ್ತೊಮ್ಮೆ ನೋಡುತ್ತೇನೆ.

ಈಗ ಸ್ಪ್ರಿಂಗ್ ವಿಷಯ. ಐದನೇ ವರ್ಷ ಲಾಕ್ ಬಿಚ್ಚಿ ತೊಳೆಯುವಾಗ ಹ್ಯಾಮರ್ ತಳ್ಳುವ ದೊಡ್ಡ ಸ್ಪ್ರಿಂಗ್ ಟಿಂಗ್ ಅಂತ ಎರಡು ತುಂಡಾಯಿತು. ಕಲ್ಲು, ಗುಂಡು, ಬಟ್ಟೆ, ಮದ್ದು ಎಲ್ಲಕ್ಕೂ ಎಡ-ಬಲ ಇಲ್ಲ. ಲಾಕ್‌ಗೆ ಇದೆ. ಅದರ ಒಳಗಿನದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಸ್ಪ್ರಿಂಗ್‌ನ ಮಗ್ಗುಲಲ್ಲಿ ಒಂದು ಪುಟ್ಟ ಗುಬುಟು ಇರುತ್ತದೆ, ಲಾಕಿನ ತಗಡಿನ ತೂತಿಗೆ ಕೂರೋಕೆ. ಬಲಗೈ ಸ್ಪ್ರಿಂಗ್‌ನಲ್ಲಿ ಅದು ಆಚೆ ಮಗ್ಗುಲಿಗೆ. ಕಾಳುಮೆಣಸಿನಷ್ಟು ಗುಬುಟು, ಕೋವಿ ಪೂರ್ತಿ ಮೂಲೆಗೆ. ಕಂಪನಿಗೆ ಬರೆದೆ. ಮೂರು ವಾರಕ್ಕೆ ಉತ್ತರ ಬಂತು: "ಬಲಗೈಯದು ಇದೆ, ಕಳಿಸಲೇ?" ಓದಿ ನಗಬೇಕೋ ಅಳಬೇಕೋ. ಮತ್ತೆ ಬರೆದೆ. ಎಡಗೈ ಕೋವಿ ಮಾರುವಾಗ ಇದ್ದ ಉತ್ಸಾಹ ಎಡಗೈ ಬಿಡಿಭಾಗ ಕೊಡುವಾಗ ಇಲ್ಲ. ಐದು ತಿಂಗಳು ಆಯಿತು.

ತಪ್ಪು ನನ್ನದೂ ಇದೆ, ಒಪ್ಪಿಕೊಳ್ಳುತ್ತೇನೆ. ಆ ಸ್ಪ್ರಿಂಗ್ ಒತ್ತೋಕೆ ಅಂತಲೇ ಪುಟ್ಟ ವೈಸ್ ಬರುತ್ತದೆ. ನಾನು ಇಕ್ಕಳದಲ್ಲಿ ಒತ್ತಿದ್ದೆ.

ಆ ಐದು ತಿಂಗಳು ಬಲಗೈ ಲಾಕ್‌ನ ಕೇಪಿನ ಕೋವಿ ಎರವಲು ತಂದು ಹೊಡೆದೆ. ಅದು ನನ್ನ ಅಭಿಪ್ರಾಯವನ್ನು ಸ್ವಲ್ಪ ಬದಲಿಸಿತು. ಕೇಪಿನಲ್ಲಿ ಆ ಭಗ್ ಅನ್ನೋ ಬೆಳಕಿಲ್ಲ, ಕಾಯೋದಿಲ್ಲ. ಹ್ಯಾಮರ್‌ನ ಬಟ್ಟಲು ಕೇಪನ್ನು ಮುಚ್ಚಿಕೊಳ್ಳುತ್ತದೆ. ಒಂದೊಂದು ಸಲ ಚೂರು ಹಾರುತ್ತದೆ, ಅದಕ್ಕೆ ಕನ್ನಡಕ ಬೇಕೇ ಬೇಕು. ಅದಂತೂ ಎಲ್ಲರಿಗೂ ಬೇಕು. ಹಾಗಾಗಿ ಬಜೆಟ್ ಕಮ್ಮಿ ಇರುವ ಎಡಚರು ಬಲಗೈ ಕೇಪಿನ ಕೋವಿ ತಗೊಂಡು ಧೈರ್ಯವಾಗಿ ಶುರು ಮಾಡಬಹುದು. ಬಾಗಿಲ್ಲದ ನೇರ ಹಿಡಿ ಇದ್ದರೆ ಸಾಕು. ಚಕಮಕಿಯೇ ಬೇಕು ಅನ್ನುವವರು ಮಾತ್ರ ದುಡ್ಡು ಕೂಡಿಸಿ, ಕಾದು, ಎಡಗೈಯದನ್ನೇ ಕೊಳ್ಳಿ. ಕೊಳ್ಳುವ ದಿನವೇ ಸ್ಪ್ರಿಂಗ್‌ಗಳನ್ನೂ ಕೊಳ್ಳಿ. ಮಾರುವ ಯೋಚನೆ ಇದ್ದರೆ ಬೇಡ, ಗಿರಾಕಿ ಸಿಗೋದು ಕಷ್ಟ.

ಕೋವಿ ಸರಿಯಾದ ಮೊದಲ ಭಾನುವಾರ ಬಲಗೈಯ ಗೆಳೆಯನೊಬ್ಬ ಕೇಳಿ ಇಸಕೊಂಡು ಒಂದು ಗುಂಡು ಹೊಡೆದ. 70 ಗ್ರೇನ್ ಮದ್ದು, ಅಂದರೆ ನಾಲ್ಕೂವರೆ ಗ್ರಾಂ, ನಾನೇ ಅಳೆದು ಕೊಟ್ಟಿದ್ದೆ. ಹೊಗೆಯೊಳಗಿಂದ ಅವನ ದನಿ ಬಂತು: "ಏನೋ ಇದು ಮಾರಾಯಾ, ಕಣ್ಣ ಪಕ್ಕದಲ್ಲೇ ಪಟಾಕಿ ಹಚ್ಚಿದ ಹಾಗಾಯ್ತಲ್ಲೋ!" ಎಡಗೈ ಮೇಲೆ ಬಿದ್ದ ಕಿಡಿ ಕೊಡವಿಕೊಳ್ಳುತ್ತಿದ್ದ. ಗುಂಡು ರಟ್ಟಿನ ಮೇಲೆಲ್ಲೂ ಇರಲಿಲ್ಲ.

ಈ ಸಲ ಸ್ಪ್ರಿಂಗ್ ಎರಡು ತರಿಸಿದೆ. ಒಂದು ಲಾಕ್‌ನಲ್ಲಿದೆ. ಇನ್ನೊಂದು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಚಕಮಕಿ ಕಲ್ಲಿನ ಡಬ್ಬಿಯಲ್ಲಿದೆ. ಇಕ್ಕಳವನ್ನು ಆ ಡಬ್ಬಿಯ ಹತ್ತಿರ ಇಡೋದಿಲ್ಲ.