ಉಗುರು ಹಾಕಿಸುವ ಮೊದಲು ತೆಗೆಯುವುದು ಹೇಗೆಂದು ಕೇಳಿ

ಮೊದಲೇ ಹೇಳಿಬಿಡುತ್ತೇನೆ, ಕೃತಕ ಉಗುರುಗಳಲ್ಲಿ ನನ್ನ ಮತ ಸಾಫ್ಟ್ ಜೆಲ್ ಟಿಪ್‌ಗೆ, ಅದೂ ಗಿಡ್ಡ ಅಳತೆಯದಕ್ಕೆ. ಅಕ್ರಿಲಿಕ್, ಹಾರ್ಡ್ ಜೆಲ್, ಮನೆಯಲ್ಲೇ ಅಂಟಿಸಿಕೊಳ್ಳುವ ಪ್ರೆಸ್ ಆನ್ ಎಲ್ಲವನ್ನೂ ಇದೇ ಕೈಗಳ ಮೇಲೆ ನೋಡಿಯಾಗಿದೆ. ಚಂದದ ಮಾತಿಗೆ ಬಂದರೆ ದೊಡ್ಡ ವ್ಯತ್ಯಾಸವೇನಿಲ್ಲ. ಕೈ ಪಳಗಿದವರು ಹಾಕಿದರೆ ಮದುವೆ ಫೋಟೋದಲ್ಲಿ ನಾಲ್ಕೂ ಒಂದೇ. ಯಾವುದು ಎಂಥದ್ದು ಎಂದು ತಿಳಿಯುವುದು ತೆಗೆಸುವ ದಿನ.

ಕಾರವಾರದ ಪಾರ್ಲರ್ ಒಂದರಲ್ಲಿ ನನಗೆ ‘ಜೆಲ್’ ಎಂದಷ್ಟೇ ಹೇಳಿ ಹಾಕಿದರು. ಜೆಲ್‌ನಲ್ಲಿ ಎರಡು ಜಾತಿ. ಸಾಫ್ಟ್ ಜೆಲ್ ಅಸಿಟೋನ್ ಎಂಬ ದ್ರಾವಕದಲ್ಲಿ ನೆನೆಸಿದರೆ ಮೆತ್ತಗಾಗಿ ಬಿಡುತ್ತದೆ. ಹಾರ್ಡ್ ಜೆಲ್ ಅಸಿಟೋನ್‌ಗೆ ಜಗ್ಗುವುದಿಲ್ಲ, ಅದನ್ನು ಉಜ್ಜಿಯೇ ತೆಗೆಯಬೇಕು. ಹಾಕಿಸಿಕೊಂಡವರಿಗೆ ಈ ಮಾತು ಹೇಳುವುದು ಹಾಕಿದವರ ಕೆಲಸ. ಅವರು ಹೇಳಲಿಲ್ಲ.

ಮದುವೆಗಳು ಮುಗಿದು ಮೃಗಶಿರ ಮಳೆ ಹಿಡಿದಾಗ ನಾನು ಶಿರಸಿಯಲ್ಲಿದ್ದೆ. ಅಲ್ಲಿನ ಪಾರ್ಲರ್‌ನಲ್ಲಿ ಹತ್ತಿಗೆ ಅಸಿಟೋನ್ ಅದ್ದಿ, ಪ್ರತಿ ಬೆರಳಿಗೂ ಅಲ್ಯುಮಿನಿಯಂ ಹಾಳೆ ಸುತ್ತಿ ಕೂರಿಸಿದರು. ಇಪ್ಪತ್ತು ನಿಮಿಷದ ನಂತರ ಬಿಚ್ಚಿದರೆ ಹೊಳಪು ಕೂಡ ಮಾಸಿರಲಿಲ್ಲ. ಮತ್ತೆ ಸುತ್ತಿದರು, ಮತ್ತೆ ಅದೇ ಕಥೆ. ಕಾರವಾರಕ್ಕೆ ಫೋನ್ ಮಾಡಿದರೆ, ‘ನಾವು ಹಾಕಿದ್ದನ್ನು ನಾವೇ ತೆಗೆಯಬೇಕು, ಇಲ್ಲಿಗೇ ಬನ್ನಿ’ ಎಂಬ ಉತ್ತರ. ಉಗುರು ಬಿಡಿಸಲು ಆ ಮಳೆಯಲ್ಲಿ ದೇವಿಮನೆ ಘಾಟಿ ಇಳಿಯಬೇಕೇ? ಕೊನೆಗೆ ಇಲ್ಲಿಯ ಹುಡುಗಿಯೇ ವಿದ್ಯುತ್ ಅರ ಹಿಡಿದು ಉಜ್ಜಲು ಕುಳಿತಳು. ಹಾರ್ಡ್ ಜೆಲ್ ತೆಗೆಯಲು ಬಲ್ಲವರು ತಳದ ತೆಳು ಪದರವೊಂದನ್ನು ಹಾಗೇ ಉಳಿಸಿ ನಿಲ್ಲಿಸುತ್ತಾರೆ; ಅದು ಉಗುರಿನ ಜೊತೆ ಬೆಳೆದು ತಾನಾಗಿ ಹೋಗುತ್ತದೆ. ಇವಳು ಪೂರ್ತಿ ತೆಗೆಯುವ ಹಟಕ್ಕೆ ಬಿದ್ದಳು. ಬೆರಳು ಸುಡುತ್ತಿದೆ ಎಂದಾಗಲೆಲ್ಲ ಒಮ್ಮೆ ಊದಿ, ಮತ್ತೆ ಮುಂದುವರಿಸುತ್ತಿದ್ದಳು.

ಜೆಲ್ ಹೋಯಿತು, ಜೊತೆಗೆ ನನ್ನ ಉಗುರಿನ ಮೇಲ್ಪದರವೂ ಹೋಯಿತು. ಉಳಿದದ್ದು ನೆನೆದ ಕಾಗದದಂತೆ ಬಾಗುತ್ತಿತ್ತು. ಬಿಸಿ ಚಹಾದ ಲೋಟ ಹಿಡಿದರೆ ನೋವು, ಮುರುಗಲು ಹಿಂಡಿದರೆ ಉರಿ. ಬಂಗಡೆಯ ಕಿವಿರು ಕೀಳುವ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ದಾಟಿಸಿದೆ. ಕೈ ಉಗುರು ಬೆಳೆಯುವುದು ತಿಂಗಳಿಗೆ ಮೂರು ಮಿಲಿಮೀಟರ್ ಆಸುಪಾಸು, ಅಂದರೆ ಬುಡದಿಂದ ತುದಿಯವರೆಗೆ ಹೊಸದಾಗಲು ಸುಮಾರು ಆರು ತಿಂಗಳು. ಹೊಸ ಉಗುರಿಗೂ ತೆಳುವಾದ ಭಾಗಕ್ಕೂ ನಡುವಿನ ಗೆರೆ ಚೌತಿಯ ಹೊತ್ತಿಗೆ ಅರ್ಧಕ್ಕೆ ಬಂದಿತ್ತು, ದೀಪಾವಳಿಗೆ ತುದಿ ಸಮೀಪಿಸಿತ್ತು. ಎಣ್ಣೆ, ಕ್ರೀಮುಗಳಿಂದ ಒಣಗುವುದು ತಪ್ಪುತ್ತದೆಯೇ ಹೊರತು ಸವೆದ ಪದರ ಮರಳಿ ಬರುವುದಿಲ್ಲ.

ಸಾಫ್ಟ್ ಜೆಲ್ ಟಿಪ್ ಇದಕ್ಕೆ ತದ್ವಿರುದ್ಧ. ಸಿದ್ಧ ಆಕಾರದ ಟಿಪ್ಪನ್ನು ಇಡೀ ಉಗುರಿನ ಮೇಲೆ ಜೆಲ್‌ನಿಂದ ಕೂರಿಸಿ ಲ್ಯಾಂಪಿನ ಬೆಳಕಿಗೆ ಹಿಡಿಯುತ್ತಾರೆ. ತೆಗೆಯುವಾಗ ಮೇಲಿನ ಹೊಳಪನ್ನಷ್ಟೇ ಉಜ್ಜಿ ನೆನೆಸಿದರೆ ಸಾಕು, ಮರದ ಕಡ್ಡಿಯಿಂದ ತಳ್ಳಿದಾಗ ಜಾರಿ ಬರುತ್ತದೆ. ಬರದಿದ್ದರೆ ಇನ್ನೊಮ್ಮೆ ನೆನೆಸಬೇಕು, ಕೆರೆಯಬಾರದು. ಹಾರ್ಡ್ ಜೆಲ್‌ನಷ್ಟು ಬಾಳಿಕೆ ಇಲ್ಲ ಎನ್ನುತ್ತಾರೆ, ನಿಜ. ಎರಡು ಮೂರು ವಾರದಲ್ಲಿ ಬುಡದಲ್ಲಿ ಸಂದು ಕಾಣಿಸಿದಾಗ ನಾನು ಅದನ್ನು ತುಂಬಿಸುವ ರೀಫಿಲ್ ಮಾಡಿಸದೆ ತೆಗೆಸಿಯೇಬಿಡುತ್ತೇನೆ, ಹಾಗಾಗಿ ಹೆಚ್ಚಿನ ಬಾಳಿಕೆ ನನಗೆ ಬೇಕೂ ಇಲ್ಲ.

ಅಕ್ರಿಲಿಕ್ ಗಟ್ಟಿ. ಅಸಿಟೋನ್‌ಗೆ ಕರಗುತ್ತದೆ, ಸ್ವಲ್ಪ ಹೆಚ್ಚು ಹೊತ್ತು ಬೇಕು ಅಷ್ಟೆ. ಆದರೆ ಆ ವಾಸನೆ! ದ್ರವ ಮತ್ತು ಪುಡಿ ಕಲಸಿ ಹಚ್ಚುವಾಗ, ಮಳೆಗೆಂದು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ತಲೆ ಸಿಡಿಯುತ್ತದೆ. ದ್ರವ ಯಾವುದೆಂದು ಕೇಳಿ. ಇಎಂಎ (ಈಥೈಲ್ ಮೆಥಾಕ್ರಿಲೇಟ್) ಆದರೆ ಸರಿ, ಅಗ್ಗದ ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಆದರೆ ಎದ್ದು ಬನ್ನಿ. ಉಗುರು ಹಾಳಾದ ದೂರುಗಳ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಅಪ್ಪಟ ಎಂಎಂಎ ಉತ್ಪನ್ನಗಳ ವಿರುದ್ಧ ಕ್ರಮ ಕೈಗೊಂಡಿತ್ತು. ಎಂಎಂಎ ಉಗುರು ಎಷ್ಟು ಬಿರುಸೆಂದರೆ, ಬಾಗಿಲ ಸಂದಿಗೆ ಸಿಕ್ಕರೆ ಪ್ಲಾಸ್ಟಿಕ್ ಮುರಿಯುವ ಮೊದಲು ನಿಮ್ಮ ಉಗುರೇ ಕಿತ್ತು ಬರಬಹುದು.

ಪ್ರೆಸ್ ಆನ್ ಅಗ್ಗ, ಒಂದು ಸಂಜೆಯ ಆರತಕ್ಷತೆಗೆ ಧಾರಾಳ ಸಾಕು. ಬಿಸಿನೀರಿನಲ್ಲಿ ಪಾತ್ರೆ ತೊಳೆದರೆ ಅಂಟು ಬಿಡುತ್ತದೆ. ನನ್ನದೊಂದು ಪತ್ರೊಡೆಯ ಹಿಟ್ಟಿನಲ್ಲಿ ಸಿಕ್ಕಿತು, ಪುಣ್ಯಕ್ಕೆ ನನ್ನ ಕಣ್ಣಿಗೇ.

ಇನ್ನು ಕರಾವಳಿಯವರಿಗೆ ವಿಶೇಷವಾಗಿ ಒಂದು ಮಾತು. ಯಾವುದೇ ಬಗೆಯಾಗಲಿ, ಅಂಚು ಎದ್ದರೆ ಒಳಗೆ ನೀರು ಕೂರುತ್ತದೆ. ಆಷಾಢದಲ್ಲಿ ನಮ್ಮಲ್ಲಿ ಟವೆಲ್ಲೇ ಒಣಗುವುದಿಲ್ಲ, ಆ ಸಂದಿ ಎಲ್ಲಿ ಒಣಗೀತು? ಅಲ್ಲಿ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದರೆ ಉಗುರಿಗೆ ಹಸಿರು ಬಣ್ಣ ಬರುತ್ತದೆ. ಮೇಲೆ ಗಾಢ ಬಣ್ಣ ಹಚ್ಚಿ ಮುಚ್ಚಿಕೊಡುತ್ತೇವೆ ಎಂದರೆ ಒಪ್ಪಬೇಡಿ, ತೆಗೆಸಿ ಚರ್ಮವೈದ್ಯರಿಗೆ ತೋರಿಸಿ. ಮೀನು ತೊಳೆಯುವ, ಬೆಳಚು ಬಿಡಿಸುವ ಕೈಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನನ್ನೂ ಹಾಕಿಸದಿರುವುದೇ ಲೇಸು. ನಾನಂತೂ ಹಾಕಿಸುವುದಿಲ್ಲ.

ಹಸಿ ಜೆಲ್ ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಿ. ಅದರಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಕ್ಕೆ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ, ಮುಂದೆ ಹಲ್ಲಿಗೆ ತುಂಬಿಸುವ ಕೆಲವು ಸಾಮಗ್ರಿಗಳಿಗೂ ಮೈ ಕೆರಳಬಹುದು. ಐರೋಪ್ಯ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ಪ್ರಸಾಧನಗಳಲ್ಲಿ ನಿಷೇಧಿಸಿದ ಟಿಪಿಒ ಎಂಬ ರಾಸಾಯನಿಕ ಅನೇಕ ಜೆಲ್‌ಗಳಲ್ಲಿ ಇರುತ್ತಿತ್ತು. ಬಾಟಲಿ ತೋರಿಸಿ ಎನ್ನಲು ಸಂಕೋಚ ಬೇಡ. ಲ್ಯಾಂಪಿನಡಿ ಬೆರಳು ಚುರುಕ್ ಎಂದರೆ ಕೈ ಹೊರಗೆಳೆಯಿರಿ. ತಿಳಿ ಬಣ್ಣ ಬೇಡ, ಅರಿಶಿನ ಹಿಡಿಯುತ್ತದೆ.

ದುಡ್ಡಿನ ಲೆಕ್ಕ ಹಾಕುವಾಗ ತೆಗೆಯುವ ಶುಲ್ಕವನ್ನೂ ಸೇರಿಸಿ ಕೇಳಿ, ಬೋರ್ಡಿನಲ್ಲಿ ಅದು ಇರುವುದಿಲ್ಲ. ಎಲ್ಲ ಸೇರಿಸಿದರೆ ನನಗೆ ಸಾಫ್ಟ್ ಜೆಲ್ ಒಮ್ಮೆಗೆ ಪ್ರೆಸ್ ಆನ್‌ಗಿಂತ ಹಲವು ಪಟ್ಟು ದುಬಾರಿ. ಮದುವೆಯ ಹಂಗಾಮಿಗೆ ಒಮ್ಮೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಇನ್ನೊಮ್ಮೆ ಎಂದಿಟ್ಟುಕೊಂಡರೆ ಜೇಬಿಗೆ ಭಾರವಾಗುವುದಿಲ್ಲ. ತಿಂಗಳು ತಿಂಗಳೂ ರೀಫಿಲ್ ಮಾಡಿಸುವ, ಅಡುಗೆಮನೆಯತ್ತ ಸುಳಿಯದ ನನ್ನ ತಂಗಿಗೆ ಅಕ್ರಿಲಿಕ್ಕೇ ಇಷ್ಟ. ಅವಳ ಪಾರ್ಲರ್ ಅವಳ ಮನೆಯ ಕೆಳಮಹಡಿಯಲ್ಲೇ ಇದೆ.